ಬಿಡಿಸು

ನಾಲ್ಕೂವರಿಗೆ ಸಾಲಿ ಬಿಡತೈತಿ.
ಹುಡುಗ್ರನ್ನ ಬಯಲಿಗೆ ಬಿಡತೈತಿ,
ನಮ್ಮನ್ನ ಭಾಗ್ಯನಗರದ ಒಂದು ಓಣಿಗೆ,
ನಿಂಗವ್ವನ ಪಡಸಾಲಿಗೆ.

ಅಲ್ಲಿ ಚೀಲಗಟ್ಟಲೆ ಕೂದಲು.
ಯಾರ್ಯಾರದೋ.
ಬಾಚಣಿಕಿಗೆ ಬಂದದ್ದನ್ನ ಬೆರಳಿಗೆ ಸುತ್ತಿ
ಕಿಡಕಿ ಸಂದ್ಯಾಗ ತುರುಕಿ ಇಟ್ಟದ್ದು,
ಒಂದು ಪುಗ್ಗಾಕ್ಕ, ಒಂದು ಸ್ಟೀಲಿನ ಬಟ್ಟಲಕ್ಕ
ಸೈಕಲ್ಲಿನಾಂವಗ ಕೊಟ್ಟದ್ದು.
ಯಾವ್ಯಾವ ಊರಿನ ಎಣ್ಣಿ ವಾಸನಿ.
ಒಮ್ಮೊಮ್ಮೆ ಒಣಗಿದ ಮಲ್ಲಿಗಿ ದಾರ,
ಒಮ್ಮೆ ಒಂದು ಹಲ್ಲು.
ಹೆದರಬ್ಯಾಡ್ರಿ, ಬಾಚಣಿಕೀದು.

ಒಂದು ಉಂಡಿ ತಗೊಳ್ಳೂದು, ದಬ್ಬಣ ತಗೊಳ್ಳೂದು,
ಕಾಲು ಚಾಚಿ ಕುಂಡ್ರೂದು,
ಎಳಿ ಎಳಿ ಬಿಡಿಸೂದು.

ಗಣಿತದ ಸರ್ ಅದೇ ಮಾತು ಅಂತಾರ: ಲೆಕ್ಕ ಬಿಡಿಸು.
ಡ್ರಾಯಿಂಗ್ ಮೇಡಂ ಅದೇ ಮಾತು: ದಾಸವಾಳ ಬಿಡಿಸು.
ಸುಗ್ಗಿ ಬಂತಂದ್ರ ದೊಡ್ಡಪ್ಪನೂ ಅದೇ:
ಶನಿವಾರ ಅರ್ಧಾ ಸಾಲಿ ಅಲ್ಲ, ಬಾ, ಹತ್ತಿ ಬಿಡಿಸು.
ಇಷ್ಟೆಲ್ಲ ಕೆಲಸಕ್ಕ ಒಂದೇ ಮಾತು ಇಟ್ಟಾರಲ್ಲ,
ಇಟ್ಟವರ ಮನ್ಯಾಗ
ಹುಡುಗೀರು ಭಾಳ ಇದ್ದಿರಬೇಕು.

ಮಾಬೂಬಿ ಎಳಿ ಹಿಡಿದು ಬೆಳಕಿಗೆ ನೋಡ್ತಾಳ:
"ಇದು ಬಾಣಂತೀದು, ಬುಡಸಮೇತ ಬಂದೈತಿ.
ಇದು ಪರೀಕ್ಷಿ ಬರಿಯಾಕೀದು, ತುದಿ ಕಡದಾಳ.
ಇದು ನೋಡ್ರೇ, ಬುಡ ಬಿಳಿ, ತುದಿ ಕರಿ,
ನಮ್ಮ ಹೆಡ್ ಮೇಡಂದು!"
ನಕ್ಕರ ಕೂದಲು ಬಾಯಾಗ ಬರ್ತಾವ.
ನಗಬ್ಯಾಡ್ರಿ ಅಂತಾಳ ನಿಂಗವ್ವ,
ತಾನೂ ನಕ್ಕು ತುಪ್ ಅಂತ ಉಗುಳತಾಳ.

ಬಂದ ರೊಕ್ಕದಾಗ ಒಂದು ರೀಚಾರ್ಜು.
ಮೂರು ಮಂದಿ, ಒಂದು ಮೊಬೈಲು, ಒಡದ ಗಾಜು.
ರೀಲ್ಸಿನ್ಯಾಗ ಉದ್ದ ಕೂದಲು ಬೀಸಿ ಹುಡುಗಿ ತಿರುಗಿದ್ರ
"ಹದಿನೆಂಟು ಇಂಚು," ಅಂತಾಳ ಮಾಬೂಬಿ,
"ನಮ್ಮ ಮಾಲು."

ದುರುಗಮ್ಮ ನಮಗಿಂತ ಮೊದಲೇ ಬಂದಿರ್ತಾಳ.
ಎಂಟನೇತ್ತದಾಗ ನನ್ನ ಬಾಜೂಕ ಕುಂಡ್ರತಿದ್ಲು.
ಕೇಳಿದ್ರ, "ಸಾಲಿ ಬಿಟ್ಟೀನಿ" ಅಂತಾಳ.
ನಾವೂ ಸಾಲಿ ಬಿಟ್ಟೇ ಬಂದೀವಿ.
ನಮ್ಮದು ನಾಲ್ಕೂವರಿಗೆ ಬಿಟ್ಟೈತಿ,
ಆಕೀದು ಹೋದ ದೀಪಾವಳಿಗೆ.
ಆಕಿ ಬಿಡಲಿಲ್ಲ, ಬಿಡಿಸಿದ್ರು.
ಅದೂ ಅದೇ ಮಾತು.

"ಇವತ್ತೇನು ಹಾಕಿದ್ರು?" ಅಂತ
ನನ್ನ ಚೀಲ ತಾನೇ ಬಿಚ್ಚತಾಳ.
ಎರಡು ಸಮೀಕರಣ, ಎಕ್ಸು, ವೈ,
ಒಂದಕ್ಕೊಂದು ಹೆಣಕೊಂಡು ಕುಂತಿರ್ತಾವ.
"ಒಂದನ್ನ ಮೊದಲ ತಗದು ಹಾಕಬೇಕಲೇ,
ಇನ್ನೊಂದು ತಾನೇ ಬರ್ತೈತಿ."
ದಬ್ಬಣದ ತುದೀಲೆ ನೆಲ ಗೀರತಾಳ.
ಸಿಕ್ಕಿನ ನಡುವ ಕುಂತು
"ಸಿಕ್ತು" ಅಂತಾಳ.
ನಾನು ಇನ್ನೂ ಪ್ರಶ್ನಿ ಬರಕೋತಿರ್ತೀನಿ.

ಐತವಾರ ಮಾಳಗಿ ಮ್ಯಾಲ
ತೊಳದ ಕೂದಲು ಹರವ್ತೀವಿ,
ಊರಿಗೂರೇ ಎಣ್ಣಿನೀರು ಹಾಕ್ಕೊಂಡಂಗ.
ಬಾಜೂ ಬಯಲಾಗ ಗವಿಸಿದ್ದನ ಟೀಮು, ಯಮನೂರನ ಟೀಮು.
ಸೋತವ್ರು ಒಗ್ಗರಣಿ ಮಿರ್ಚಿ ಕೊಡಸೂದು.
ಯಮನೂರ ಹೊಡದದ್ದು ಸೀದಾ ನಮ್ಮ ಮಾಳಗಿಗೆ,
ಕೂದಲಾಗ ಉರುಳಿ ಉರುಳಿ ನಿಂತಾಗ
ಚೆಂಡಿಗೆ ಗಡ್ಡ ಬಂದಿತ್ತು.

"ಒಗೀರಿ! ಒಗೀರಿ! ಎರಡು ಬಾಲಿಗೆ ಐದು ಬೇಕು!"
ದುರುಗಮ್ಮ ಚೆಂಡು ಉಡ್ಯಾಗ ಇಟಕೊಂಡ್ಲು,
ಕಾಲು ಚಾಚಿದ್ಲು, ದಬ್ಬಣ ತಗೊಂಡ್ಲು.
"ನಿಂದರ್ರಿ. ಮಾಲು ಹಾಳಾಗ್ತೈತಿ.
ಬಿಡಿಸಿ ಕೊಡ್ತೀನಿ."

ಎಳಿ.
ಎಳಿ.
ಹುಡುಗ್ರು ಗ್ವಾಡಿ ಕೆಳಗ ಸಾಲಾಗಿ ನಿಂತ್ರು,
ಪ್ರಾರ್ಥನಾಕ್ಕ ನಿಂತಂಗ.
ನೀರಿನ ಟಾಕಿ ನೆರಳು ಅವರ ಸ್ಟಂಪಿನ ತನಕ ಹೋತು.
ಗವಿಸಿದ್ದ ಕೇಳಿದ, "ಇನ್ನೆಷ್ಟು ಹೊತ್ತವ್ವಾ?"
ತಲಿ ಎತ್ತಲಾರದೇ ಅಂದ್ಲು,
"ನನಗೊಂದು ಓವರ್ ಆಡಾಕ ಕೊಡ್ತೀವಿ ಅಂದ್ರ
ಈಗ ಮುಗೀತೈತಿ."

ಯಾರೂ ಮಾತಾಡ್ಲಿಲ್ಲ.
ಚೆಂಡಿನ ಮ್ಯಾಲ ಇನ್ನು ಒಂದೇ ಎಳಿ ಉಳದಿತ್ತು.
ಆಕಿ ಅದನ್ನ
ಬಿಡಿಸಲಿಲ್ಲ.